ಸೂರಿನ ಅಂಚುಹಲಗೆ ಲಡ್ಡಾಗಿದೆಯಾ? ಬದಲಿಸುವ ಮೊದಲು ನೀರು ಬಂದ ದಾರಿ ಹುಡುಕಿ

ಹಂಚಿನ ಮನೆಯ ಮಾಡಿನಲ್ಲಿ ಎಲ್ಲಕ್ಕಿಂತ ಮೊದಲು ಕೆಡುವುದು ಸೂರಿನ ಅಂಚುಹಲಗೆ. ಮಾಡಿನ ಇಳಿಜಾರು ಮರಗಳಾದ ಪಕಾಸುಗಳ ತುದಿಗೆ ಅಡ್ಡಲಾಗಿ ಹೊಡೆದು, ಮಳೆನೀರಿನ ದೋಣಿಯನ್ನೂ ಹೊತ್ತು ನಿಂತಿರುತ್ತದಲ್ಲ, ಅದೇ. ಅಂಗಡಿಯಲ್ಲಿ ಫೇಸಿಯಾ ಬೋರ್ಡ್ ಅಂತ ಕೇಳಿದರೆ ಗೊತ್ತಾಗುತ್ತದೆ. ಗೋಡೆಯಿಂದ ಆ ಹಲಗೆಯವರೆಗೆ ಸೂರಿನ ಅಡಿಯನ್ನು ಮುಚ್ಚುವುದು ಸಾಫಿಟ್. ಅದು ಮರದ್ದಾಗಲಿ, ಪಿವಿಸಿ ಶೀಟಾಗಲಿ, ಇಲ್ಲಿ ಅಡಿಹಲಗೆ ಅಂತಲೇ ಬರೆಯುತ್ತೇನೆ.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಬೇಸಿಗೆಯಲ್ಲಿ ಹಂಚು ಕೈಯಾಡಿಸುವಾಗ ಅಂಚುಹಲಗೆ ಕೊಳೆತು ಲಡ್ಡಾಗಿದ್ದು ಕಣ್ಣಿಗೆ ಬೀಳುತ್ತದೆ. ಮರಗೆಲಸದ ಆಚಾರ್ರನ್ನು ಕರೆಸಿ ಹೊಸ ಹಲಗೆ ಹೊಡೆಸುತ್ತೇವೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಲಡ್ಡು. ಆಗ ಮರ ಸರಿ ಇರಲಿಲ್ಲ ಅಂತ ಮರವನ್ನು ಬೈಯುತ್ತೇವೆ. ಹೆಚ್ಚಿನ ಸಲ ತಪ್ಪು ಮರದ್ದಲ್ಲ. ಹಲಗೆಯ ಹಿಂದೆ ಎಲ್ಲಿಂದಲೋ ನೀರು ಬಂದು ನಿಲ್ಲುತ್ತಿರುತ್ತದೆ, ಅದನ್ನು ಯಾರೂ ನೋಡಿರುವುದಿಲ್ಲ. ಮರದ ತೇವ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ನೆನೆದು ಬೇಗ ಒಣಗುವ ಹಲಗೆ ಬಹಳ ಕಾಲ ಬಾಳುತ್ತದೆ. ಒಣಗಲು ಜಾಗವೇ ಇಲ್ಲದ ಕಡೆ ಸಾಗುವಾನಿ ಹಾಕಿದರೂ ಉಳಿಯುವುದಿಲ್ಲ. ಹಾಗಾಗಿ ಹಲಗೆಗೆ ದುಡ್ಡು ಹಾಕುವ ಮೊದಲು ನೀರಿನ ದಾರಿ ಹಿಡಿಯಬೇಕು.

ಮೊದಲು ಮುಟ್ಟಿ ನೋಡಿ

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಹೊರಗೆ ಆಯಿಲ್ ಪೇಂಟ್ ಹೊಳೆಯುತ್ತಿರುತ್ತದೆ, ಒಳಗೆ ಹಲಗೆ ಖಾಲಿಯಾಗಿರುತ್ತದೆ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಏಣಿ ಹತ್ತಿ. ಹಲಗೆಯನ್ನು ಅಡಿಗೊಂದು ಕಡೆ ಒತ್ತಿ ನೋಡುತ್ತಾ ಹೋಗಿ. ಮೇಲಂಚು, ಕೆಳಂಚು, ಎರಡು ಹಲಗೆ ಸೇರುವ ಜಾಗ, ದೋಣಿಯ ಕ್ಲ್ಯಾಂಪಿನ ಸುತ್ತ, ಇಷ್ಟು ಕಡೆ ಬಿಡಲೇಬೇಡಿ. ಕೈ ಬಲಕ್ಕೇ ಮೊನೆ ಕಾಲಿಂಚು ಒಳಗೆ ಹೋದರೆ ಅಲ್ಲಿ ಮರ ಸತ್ತಿದೆ.

ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಸ್ಕ್ರೂಡ್ರೈವರಿನ ಮೊನೆಯನ್ನು ಓರೆಯಾಗಿ ಚುಚ್ಚಿ ಒಂದು ಸಿಬಿರು ಎಬ್ಬಿಸಿ. ಗಟ್ಟಿ ಮರದಲ್ಲಿ ಸಿಬಿರು ಉದ್ದಕ್ಕೆ, ನಾರಿನ ಹಾಗೆ, ಚರ್ರನೆ ಸೀಳಿಕೊಂಡು ಬರುತ್ತದೆ. ಕೊಳೆಯಲು ಶುರುವಾದ ಮರದಲ್ಲಿ ಅದು ಚುಚ್ಚಿದ ಜಾಗದಲ್ಲೇ ಪುಟುಕ್ಕನೆ ಮುರಿಯುತ್ತದೆ, ತುಂಡಾಗಿ ಬೀಳುತ್ತದೆ. ಕಣ್ಣಿಗೆ ಇನ್ನೂ ಚೆನ್ನಾಗಿ ಕಾಣುವ ಹಲಗೆಯ ರೋಗವೂ ಇದರಲ್ಲಿ ಗೊತ್ತಾಗುತ್ತದೆ. ಕೊಳೆತ ಭಾಗ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಕೆಳಗಿಳಿದು ದೂರ ನಿಂತು ನೋಡಿ. ಆ ಗೆರೆಗಳು ಎಲ್ಲಿ ಒತ್ತಾಗಿವೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಏಣಿ ಹತ್ತುವ ಮೊದಲು ಒಂದು ಮಾತು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಎಷ್ಟೋ ಮನೆಗಳಲ್ಲಿ ಅಂಚುಹಲಗೆಗೇ ತಾಗಿಕೊಂಡು ಹೋಗಿರುತ್ತದೆ. ತಗಡಿನ ದೋಣಿ, ಒದ್ದೆ ಹಲಗೆ, ಸಿಪ್ಪೆ ಸುಲಿದ ವೈರ್ ಮೂರೂ ಒಂದೇ ಕಡೆ ಇದ್ದರೆ ಮುಟ್ಟಬೇಡಿ. ಲೈನ್‌ಮನ್ ಕರೆಸಿ ಕರೆಂಟು ತೆಗೆಸಿಯೇ ಮುಂದಿನ ಕೆಲಸ. ಏಣಿಯ ಬುಡ ಗೋಡೆಯಿಂದ ಎಷ್ಟು ದೂರ ಇರಬೇಕು ಅಂದರೆ, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ. ಪಾಚಿ ಹಿಡಿದ ಹಂಚಿನ ಮೇಲೆ ಒದ್ದೆ ಇದ್ದಾಗ ಕಾಲಿಡಲೇಬೇಡಿ.

ಮೇಲಂಚು ಕೊಳೆತಿದ್ದರೆ: ಮೊದಲ ಸಾಲಿನ ಹಂಚು ನೋಡಿ

ಹಲಗೆಯ ಕೆಳಭಾಗ ಗಟ್ಟಿ ಇದೆ, ಮೇಲಿನ ಒಂದೆರಡು ಇಂಚು ಮಾತ್ರ ಉದ್ದಕ್ಕೂ ಲಡ್ಡಾಗಿದೆ ಅಂದರೆ ನೀರು ಹಂಚಿನಿಂದ ನೇರ ದೋಣಿಗೆ ಬೀಳುತ್ತಿಲ್ಲ. ಹಂಚಿನ ತುದಿಯಿಂದ ಹಿಂದಕ್ಕೆ ಸುತ್ತಿಕೊಂಡು ಹಲಗೆಯ ತಲೆಯ ಮೇಲೆ ಇಳಿಯುತ್ತಿದೆ. ಜೋರು ಮಳೆಯಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಆಗ ನೀರು ರಭಸಕ್ಕೆ ಹಾರಿ ದೋಣಿಗೇ ಬೀಳುತ್ತದೆ. ಜಿಟಿಜಿಟಿ ಮಳೆಯಲ್ಲಿ ನೋಡಿ. ಹನಿ ಹಂಚಿನ ಅಡಿಗೆ ಅಂಟಿಕೊಂಡೇ ಒಳಗೆ ಹರಿಯುತ್ತದೆ.

ಮೊದಲ ಸಾಲಿನ ಹಂಚು ಅಂಚುಹಲಗೆಯಿಂದ ಸುಮಾರು ಎರಡು ಇಂಚು ಮುಂದಕ್ಕೆ ಚಾಚಿರಬೇಕು. ಕಡಿಮೆ ಇದ್ದರೆ ನೀರು ಹಿಂದಕ್ಕೆ ಬರುತ್ತದೆ. ತುಂಬಾ ಜಾಸ್ತಿ ಇದ್ದರೆ ದೋಣಿ ದಾಟಿ ಅಂಗಳಕ್ಕೆ ಹಾರುತ್ತದೆ.

ಚಾಚು ಸರಿ ಇದ್ದೂ ಕೊಳೆತಿದ್ದರೆ ಹಂಚಿನ ವಾಟ, ಅಂದರೆ ಇಳಿಜಾರು, ನೋಡಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಲಗೆ ಮತ್ತೆ ಮತ್ತೆ ಕೊಳೆಯುವ ಮನೆಗಳಲ್ಲಿ ಇದೇ ಕಾರಣ ಇರುವುದು ತೀರಾ ಸಾಮಾನ್ಯ.

ಮಾಡಿನ ಪ್ರತಿ ಹಂಚಿನ ತಲೆ, ಪಕಾಸಿನ ಮೇಲೆ ಅಡ್ಡಕ್ಕೆ ಹೊಡೆದ ಮರದ ಪಟ್ಟಿಯಾದ ರೀಪಿನ ಮೇಲೆ ಕೂರುತ್ತದೆ, ಬುಡ ಕೆಳಗಿನ ಸಾಲಿನ ಹಂಚಿನ ಮೇಲೆ ಕೂರುತ್ತದೆ. ಮೊದಲ ಸಾಲಿಗೆ ಮಾತ್ರ ಕೆಳಗೆ ಹಂಚಿಲ್ಲ. ಆ ಹಂಚಿನ ದಪ್ಪದಷ್ಟು ಎತ್ತರವನ್ನು ಯಾರಾದರೂ ತುಂಬಿಕೊಡಬೇಕಲ್ವಾ? ಅದನ್ನು ಅಂಚುಹಲಗೆ ತುಂಬಿಕೊಡುತ್ತದೆ. ಹಲಗೆಯ ತಲೆ ರೀಪಿನ ಮಟ್ಟಕ್ಕಿಂತ ಒಂದು ಹಂಚಿನ ದಪ್ಪದಷ್ಟು ಮೇಲೆ ನಿಂತಿರಬೇಕು. ಇಲ್ಲದಿದ್ದರೆ ಅಂಚಿನ ರೀಪನ್ನು ಜೋಡಿ ಹಾಕಿರಬೇಕು. ಹಲಗೆ ತಗ್ಗಿದರೆ ಮೊದಲ ಹಂಚು ಮುಗ್ಗರಿಸುತ್ತದೆ, ಎರಡನೇ ಸಾಲಿನ ಕೆಳಗೆ ಬಾಯಿ ಬಿಡುತ್ತದೆ, ಗಾಳಿಮಳೆ ಅಲ್ಲಿಂದ ಒಳಗೆ ನುಗ್ಗುತ್ತದೆ. ಹಲಗೆ ಎತ್ತರವಾದರೆ ಮೊದಲ ಹಂಚು ಮೂತಿ ಎತ್ತುತ್ತದೆ, ನೀರು ಅಲ್ಲೇ ಮಡುಗಟ್ಟಿ ಜೋಡಣೆಯ ಸಂದಿನಲ್ಲಿ ಹಿಂದಕ್ಕೆ ಇಳಿಯುತ್ತದೆ.

ಹೊಸನಗರದ ಕಡೆಯ ಒಂದು ಮನೆಯಲ್ಲಿ ಇದೇ ಆಗಿತ್ತು. ಹಳೆ ಹಲಗೆ ಎಂಟಿಂಚು ಅಗಲ. ಹಿಂದಿನ ಸಲ ಮಿಲ್ಲಿನಿಂದ ಬಂದದ್ದು ಏಳಿಂಚಿನ ಹಲಗೆ. ಕೆಳಗಿನಿಂದ ಚಂದ ಕಾಣಲಿ ಅಂತ ಕೆಳಂಚನ್ನು ಹಳೆಯ ಗೆರೆಗೇ ಹೊಂದಿಸಿ ಹೊಡೆದಿದ್ದರು. ತಲೆ ಒಂದಿಂಚು ಇಳಿದದ್ದು ಯಾರಿಗೂ ಗೊತ್ತಾಗಿರಲಿಲ್ಲ.

"ಆಚಾರ್ರೇ, ಈ ಹಲಗೆ ಒಂದು ಬದಲಿಸಿಕೊಡಿ, ಸಾಕು" ಅಂದರು ಮನೆಯವರು.

ಆಚಾರ್ರು ಅಂಚಿನ ಹಂಚು ಎತ್ತಿ, ಮತ್ತೆ ಇಟ್ಟು, ಎರಡನೇ ಸಾಲಿನ ಕೆಳಗೆ ಬೆರಳು ತೂರಿಸಿ ತೋರಿಸಿದರು. "ಬದಲಿಸ್ತೀನಿ ಭಟ್ರೇ. ಆದ್ರೆ ಹಂಚು ಹೀಗೇ ಬಗ್ಗಿಕೊಂಡಿದ್ರೆ ಮತ್ತೆ ನಾನೇ ಬರ್ಬೇಕು."

ಬೆರಳು ಸಲೀಸಾಗಿ ಒಳಗೆ ಹೋಗುತ್ತಿತ್ತು. ಸರಿಯಾಗಿ ಕೂತ ಹಂಚಿನ ನಡುವೆ ಬೆರಳು ಹೋಗುವಷ್ಟು ಜಾಗ ಇರುವುದಿಲ್ಲ. ನೀವೂ ಹಾಗೇ ಪರೀಕ್ಷೆ ಮಾಡಿ. ಪಕ್ಕದಿಂದ ಒಂದು ನೇರ ಪಟ್ಟಿ ಹಿಡಿದು ಮೊದಲ ಮೂರು ಸಾಲು ಒಂದೇ ವಾಟದಲ್ಲಿ ಇವೆಯಾ ನೋಡಿ. ಹಳೆ ಹಲಗೆ ಕೀಳುವ ಮೊದಲು ಅದರ ತಲೆಗೂ ಪಕಾಸಿನ ಬೆನ್ನಿಗೂ ಇರುವ ಅಳತೆ ಬರೆದಿಡಿ. ಹಳೆಯದೇ ತಪ್ಪಿದ್ದರೆ ಹಂಚಿನ ದಪ್ಪ ಅಳೆದು ಹೊಸ ಲೆಕ್ಕ ಹಾಕಿ.

ಹಂಚಿನದೇ ಇನ್ನೊಂದು ತೊಂದರೆ ಇದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ನೋಡಲು ಎಲ್ಲವೂ ಮಂಗಳೂರು ಹಂಚೇ. ಆದರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಮಂಗ ಕುಣಿದು ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ್ದನ್ನು ತೂರಿಸಿದ್ದರೆ ಅಲ್ಲೇ ಸೋರುತ್ತದೆ. ಹಂಚು ಮಗುಚಿ ಹಿಂದೆ ಅಚ್ಚೊತ್ತಿದ ಹೆಸರು ನೋಡಿ. ಬೇರೆ ಬೇರೆ ಇದ್ದರೆ ವಿಂಗಡಿಸಿ, ಒಂದು ಜಾತಿಯದನ್ನು ಒಂದು ಕಡೆ ಹಾಕಿ. ಉಳಿದದ್ದು ಕೊಟ್ಟಿಗೆಗೆ ಆಗುತ್ತದೆ.

ದೋಣಿಯ ಹಿಂದೆ ಕೊಳೆತಿದ್ದರೆ

ಕೊಳೆತ ಭಾಗ ದೋಣಿಯ ಎತ್ತರದಷ್ಟೇ ಇದೆ, ಕ್ಲ್ಯಾಂಪಿನ ಸುತ್ತ ಇನ್ನೂ ಜೋರಾಗಿದೆ ಅಂದರೆ ದೋಣಿ ತುಂಬಿ ಹಿಂದಕ್ಕೆ ಉಕ್ಕುತ್ತಿದೆ. ತರಗೆಲೆ, ಅಡಿಕೆ ಸಿಂಗಾರದ ಉದುರು, ಹಂಚಿನಿಂದ ತೊಳೆದು ಬಂದ ಪಾಚಿ, ಎಲ್ಲ ಸೇರಿ ಪೈಪಿನ ಬಾಯಿ ಕಟ್ಟಿರುತ್ತದೆ.

ಕಸ ಇಲ್ಲದೆಯೂ ಉಕ್ಕಿದರೆ ದೋಣಿಯೇ ಚಿಕ್ಕದಿರಬಹುದು. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡಿನ ಒಂದು ಬದಿ 30 ಅಡಿ ಉದ್ದ, ನೆಲದ ಅಳತೆಯಲ್ಲಿ 15 ಅಡಿ ಅಗಲ ಇದ್ದರೆ ಸುಮಾರು 42 ಚದರ ಮೀಟರ್. ಗಂಟೆಗೆ 100 ಮಿಲಿಮೀಟರ್ ರಭಸದಲ್ಲಿ ಹೊಯ್ದರೆ ಆ ಒಂದೇ ಬದಿಯಿಂದ ನಿಮಿಷಕ್ಕೆ 70 ಲೀಟರ್. ದೊಡ್ಡ ಕೊಡಪಾನದಲ್ಲಿ ಲೆಕ್ಕ ಹಾಕಿದರೆ ನಿಮಿಷಕ್ಕೆ ನಾಲ್ಕೈದು ಕೊಡ. ಅಷ್ಟನ್ನೂ ಒಂದು ತುದಿಯ ಒಂದೇ ಸಣ್ಣ ಪೈಪಿನಿಂದ ಇಳಿಸಲು ಹೋದರೆ ಆಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ಕಡೆ ದೋಣಿಯ ನಡುವನ್ನು ಎತ್ತರ ಮಾಡಿ ಎರಡೂ ತುದಿಗೆ ಪೈಪು ಕೊಡುವುದೇ ಒಳ್ಳೆಯದು. ವಾಟ ಹತ್ತಡಿಗೆ ಅರ್ಧ ಇಂಚು ಇರಲಿ.

ಅದಕ್ಕಿಂತ ಮುಖ್ಯ, ದೋಣಿಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ಕೆಳಗಿರಬೇಕು. ತುಂಬಿದರೆ ನೀರು ಅಂಗಳಕ್ಕೆ ಬೀಳಲಿ, ಹಲಗೆಗೆ ಬೇಡ. ಕ್ಲ್ಯಾಂಪು ಬಗ್ಗಿ ದೋಣಿ ಮನೆ ಕಡೆ ವಾಲಿರುವುದು ಎಷ್ಟೋ ಕಡೆ ಇದೆ. ಒಂದು ಲೋಟ ನೀರು ಹೊಯ್ದು ಯಾವ ಅಂಚಿನ ಕಡೆ ನಿಲ್ಲುತ್ತದೆ ನೋಡಿದರೆ ಸಾಕು.

ಇದಕ್ಕೂ ಮೊದಲ ಹಂಚಿನ ತೊಂದರೆಗೂ ಒಟ್ಟಿಗೆ ಕೆಲಸ ಮಾಡುವ ಒಂದು ಉಪಾಯ ಇದೆ. ಹಂಚಿನ ಅಡಿಯಿಂದ, ಹಲಗೆಯ ತಲೆ ಮುಚ್ಚಿ, ದೋಣಿಯೊಳಗೆ ಇಳಿಯುವ ಹಾಗೆ ಒಂದು ಅಲ್ಯೂಮಿನಿಯಂ ತಗಡಿನ ಪಟ್ಟಿ ಬಗ್ಗಿಸಿ ಹಾಕುವುದು. ಹಿಂದಕ್ಕೆ ಬಂದ ಹನಿ ಕೂಡ ತಗಡಿನ ಮೇಲೆ ಜಾರಿ ದೋಣಿಗೇ ಹೋಗುತ್ತದೆ. ಖರ್ಚು ಕಡಿಮೆ, ಲಾಭ ದೊಡ್ಡದು. ಹೊಸ ಹಲಗೆ ಹಾಕಿಸುವ ಪ್ರತಿ ಮನೆಗೂ ನಾನು ಇದನ್ನು ಹೇಳುತ್ತೇನೆ.

ಬೇರೆ ಗುರುತುಗಳು

ಎರಡು ಹಲಗೆ ಸೇರುವಲ್ಲಿ ಮಾತ್ರ ಕೊಳೆತಿದ್ದರೆ ಕೊರೆದ ತುದಿಗೆ ಬಣ್ಣ ಕಂಡಿಲ್ಲ ಅಂತ ಅರ್ಥ. ಮರ ಪಕ್ಕದಿಂದ ಕುಡಿಯುವುದಕ್ಕಿಂತ ತುದಿಯಿಂದ ಎಷ್ಟೋ ಪಾಲು ಜಾಸ್ತಿ ನೀರು ಕುಡಿಯುತ್ತದೆ. ಕೆಳಂಚು ಮಾತ್ರ ಕೊಳೆತಿದ್ದರೆ ನೀರು ಇಳಿದು ಬಂದು ಅಲ್ಲಿ ನೇತಾಡುತ್ತಿದೆ, ಇಲ್ಲವೇ ಅಡಿಹಲಗೆ ಬಿಗಿಯಾಗಿ ಕೂತು ಸಂದಿನಲ್ಲಿ ನೀರು ಹಿಡಿದಿದೆ. ಎರಡು ಮಾಡು ಕೂಡುವ ತಗ್ಗಿನ ಬುಡದಲ್ಲಿ ಕೊಳೆತಿದ್ದರೆ ಆ ತಗ್ಗಿನ ತಗಡು ತುಕ್ಕು ತಿಂದು ತೂತಾಗಿರುತ್ತದೆ. ಮನೆಯ ನೈಋತ್ಯ ಬದಿ ಮಾತ್ರ ಹಾಳಾಗಿದ್ದರೆ ಅದು ಮುಂಗಾರಿನ ಗಾಳಿಮಳೆಯ ಹೊಡೆತ. ಅಲ್ಲಿ ಬಣ್ಣದ ಆರೈಕೆ ಉಳಿದ ಬದಿಗಳಿಗಿಂತ ಜಾಸ್ತಿ ಬೇಕು.

ಹಲಗೆ ಒಣಗಿಯೇ ಇದೆ, ಆದರೂ ಪೊಳ್ಳು ಅಂದರೆ ಹುಳ. ಸಣ್ಣ ದುಂಡು ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳ. ಗೋಡೆಯ ಮೇಲೆ ಮಣ್ಣಿನ ಗೆರೆ ಹತ್ತಿ ಬಂದಿದ್ದರೆ ಗೆದ್ದಲು. ಕುಟ್ಟೆ ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗಕ್ಕೆ ಬೀಳುತ್ತದೆ, ಕೆಚ್ಚಿಗೆ ಬೀಳುವುದು ಕಡಿಮೆ. ಗೆದ್ದಲಾದರೆ ಹಲಗೆ ಬದಲಿಸಿ ಪ್ರಯೋಜನ ಇಲ್ಲ, ನೆಲದಿಂದ ಬರುವ ದಾರಿಗೆ ಔಷಧಿ ಹಾಕಿಸಬೇಕು.

ಅಡಿಹಲಗೆಯ ಕಲೆ

ಅಡಿಹಲಗೆಯಲ್ಲಿ ಕಂದು ಬಣ್ಣದ ಸುತ್ತು ಕಲೆ ಕಂಡ ಕೂಡಲೇ ಅದರ ನೇರ ಮೇಲಿನ ಹಂಚು ಬದಲಿಸುತ್ತಾರೆ. ಸುಮ್ನೆ ಶ್ರಮ. ನೀರು ಮೇಲೆಲ್ಲೋ ಒಳಗೆ ಬಂದು ಪಕಾಸಿನ ಹೊಟ್ಟೆ ಹಿಡಿದು ಅಡಿಗಟ್ಟಲೆ ಇಳಿದು, ಯಾವುದಾದರೂ ಮೊಳೆ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಕಲೆ ಗೋಡೆಯ ಹತ್ತಿರ ಇದ್ದರೆ ಮಾಡಿನ ಮೇಲ್ಭಾಗ ಹುಡುಕಿ. ಹೊರ ಅಂಚಿನ ಹತ್ತಿರ ಇದ್ದರೆ ದೋಣಿ, ಮೊದಲ ಸಾಲು.

ಮಳೆ ಇಲ್ಲದ ದಿನಗಳಲ್ಲೂ ಕಲೆ ಹಸಿ ಇದ್ದರೆ ಹಂಚಿನ ಕಡೆ ನೋಡುವುದೇ ಬೇಡ. ಸೋಲಾರ್ ಹೀಟರಿನ ಪೈಪು ತೊಟ್ಟಿಕ್ಕುತ್ತಿರಬಹುದು. ಬಚ್ಚಲ ಹಬೆಯೋ ಅಡುಗೆಮನೆಯ ಫ್ಯಾನಿನ ಗಾಳಿಯೋ ಸೂರಿನೊಳಗೇ ಬಿಟ್ಟಿರಬಹುದು. ಹಿಂದಿನ ಮನೆಗಳಲ್ಲಿ ಸೂರಿನ ಅಡಿ ತೆರೆದೇ ಇರುತ್ತಿತ್ತು. ಗಾಳಿ ಆಡುತ್ತಿತ್ತು, ನೆನೆದ ಪಕಾಸು ಒಣಗುತ್ತಿತ್ತು. ಈಗ ಅಂದಕ್ಕೆ, ಇಲಿ ಬಾವಲಿ ಬರದಿರಲಿ ಅಂತ ಪಿವಿಸಿ ಶೀಟಿನಲ್ಲಿ ಪೂರ್ತಿ ಮುಚ್ಚುತ್ತೇವೆ. ಮುಚ್ಚಿ, ಬೇಡ ಅನ್ನುವುದಿಲ್ಲ. ಆದರೆ ಉದ್ದಕ್ಕೂ ಒಂದಿಂಚಿನ ಸಂದು ಬಿಟ್ಟು ಅದಕ್ಕೆ ತುಕ್ಕು ಹಿಡಿಯದ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ. ಗಾಳಿ ಹೋಗುತ್ತದೆ, ಇಲಿ ಹೋಗುವುದಿಲ್ಲ. ಜಿಪ್ಸಮ್ ಶೀಟನ್ನು ಸೂರಿನ ಅಡಿಗೆ ಹಾಕಲೇಬೇಡಿ. ನೀರು ತಾಗಿದರೆ ಉಬ್ಬಿ ಕಳಚಿ ಬೀಳುತ್ತದೆ.

ಇನ್ನೂ ಗೊತ್ತಾಗದಿದ್ದರೆ ಪೈಪು ಹಿಡಿಯಿರಿ

ಬೇಸಿಗೆಯಲ್ಲಿ ಮಳೆಗೆ ಕಾಯಬೇಕಿಲ್ಲ. ಒಬ್ಬರು ಟಾರ್ಚ್ ಹಿಡಿದು ಅಟ್ಟದಲ್ಲಿ ಕೂರಲಿ. ಇನ್ನೊಬ್ಬರು ತೋಟದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ ಹೋಗುವುದು ಮುಖ್ಯ. ಮೊದಲು ದೋಣಿಗೆ ಮಾತ್ರ ಹತ್ತು ನಿಮಿಷ. ಆಮೇಲೆ ಮೊದಲ ಸಾಲು ಹತ್ತು ನಿಮಿಷ, ಆಮೇಲೆ ಎರಡನೆಯದು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಾಲಿನ ಮೇಲೂ ಹರಿದು ಯಾವುದು ಸೋರುತ್ತಿದೆ ಅಂತಲೇ ತಿಳಿಯುವುದಿಲ್ಲ. ನೀರನ್ನು ಮಳೆಯ ಹಾಗೆ ಮೇಲಿನಿಂದ ಬೀಳಿಸಿ. ಕೆಳಗಿನಿಂದ ಹಂಚಿನ ಸಂದಿಗೆ ಚಿಮ್ಮಿಸಿದರೆ ಒಳ್ಳೆಯ ಮಾಡೂ ಸೋರುತ್ತದೆ.

ಕೀಳುವಾಗ, ಹೊಡೆಯುವಾಗ

ಮೊದಲ ಎರಡು ಸಾಲು ಹಂಚು ಇಳಿಸಿ, ದೋಣಿ ಬಿಚ್ಚಿ, ಆಮೇಲೆ ಹಲಗೆ ಕೀಳಿ. ಹಲಗೆ ಹೋದ ಕೂಡಲೇ ಪಕಾಸುಗಳ ತುದಿಯನ್ನು ಒಂದೊಂದಾಗಿ ಚುಚ್ಚಿ ನೋಡಿ. ಇದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ವ್ಯರ್ಥ. ಲಡ್ಡಾದ ಪಕಾಸಿನ ತುದಿಗೆ ಹೊಸ ಹಲಗೆಯ ಮೊಳೆ ಹಿಡಿಯುವುದಿಲ್ಲ, ದೋಣಿಯ ಭಾರಕ್ಕೆ ಒಂದೇ ಮಳೆಗಾಲದಲ್ಲಿ ಜೋತು ಬೀಳುತ್ತದೆ.

ತುದಿಯಲ್ಲಿ ಒಂದೆರಡು ಇಂಚು ಹೋಗಿದ್ದರೆ, ಎಲ್ಲ ಪಕಾಸುಗಳನ್ನೂ ನೂಲು ಹಿಡಿದು ಒಂದೇ ಸಮ ಕೊರೆದು ಹಲಗೆಯನ್ನು ಅಷ್ಟು ಒಳಗೆ ತರಬಹುದು. ಜಾಸ್ತಿ ಹೋಗಿದ್ದರೆ ಪಕ್ಕಕ್ಕೆ ಜೋಡಿ ಪಕಾಸು ಕೊಡಬೇಕು. ಎಷ್ಟು ಉದ್ದ? ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆಯೋ ಅದರ ಎರಡು ಪಾಲು ಒಳಗೂ ಹೋಗಬೇಕು. ಮೂರಡಿ ಸೂರಿಗೆ ಒಂಬತ್ತಡಿ ತುಂಡು. ಮೊಳೆ ಸಾಲದು, ಬೋಲ್ಟ್ ಹಾಕಿಸಿ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊರೆದು ತೆಗೆದ ಮೇಲೆಯೇ ಜೋಡಿ ಕೊಡಬೇಕು. ಗೋಡೆಯ ಮೇಲಿನ ತೊಲೆಯೇ ಮೆತ್ತಗಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಇಡೀ ಮಾಡಿನ ಭಾರ ಅದರ ಮೇಲಿದೆ. ಅನುಭವ ಇರುವ ಆಚಾರ್ರು ಬಂದು ಊರುಗೋಲು ಕೊಡದೆ ಅದನ್ನು ಮುಟ್ಟುವಂತಿಲ್ಲ.

ಹಲಗೆಗೆ ಹಲಸು, ಹೊನ್ನೆ, ಸಾಗುವಾನಿ ಯಾವುದಾದರೂ ಆಗುತ್ತದೆ, ಕೆಚ್ಚಿನ ಭಾಗ ಆಗಿದ್ದರೆ. ಬಿಳಿ ಭಾಗದ ಸಾಗುವಾನಿಗಿಂತ ಕೆಚ್ಚಿನ ಹಲಸು ಎಷ್ಟೋ ವಾಸಿ. ಮರ ಬೇಡ ಅನ್ನುವವರಿಗೆ ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಹಲಗೆ, ಫೈಬರ್ ಸಿಮೆಂಟ್ ಹಲಗೆ ಇವೆ. ಪಿವಿಸಿ ಸೇರಿದ ಹಲಗೆ ಬಿಸಿಲಿಗೆ ಹಿಗ್ಗುತ್ತದೆ. ಹತ್ತಡಿಯ ಪಿವಿಸಿ ತುಂಡು 30 ಡಿಗ್ರಿ ಬಿಸಿ ಏರಿದರೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂ ತೂತು ಸ್ವಲ್ಪ ದೊಡ್ಡದು ಮಾಡಿ, ಜೋಡಣೆಯಲ್ಲಿ ಸಂದು ಬಿಡಿ, ಇಲ್ಲದಿದ್ದರೆ ಡೊಂಕಾಗುತ್ತದೆ. ಫೈಬರ್ ಸಿಮೆಂಟ್ ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಬೇಕೇ ಬೇಕು. ಹಳೆಯ ಕಲ್ನಾರು (ಆಸ್‌ಬೆಸ್ಟಾಸ್) ಶೀಟಿದ್ದರೆ ಅದನ್ನು ಕೊರೆಯುವ, ಒಡೆಯುವ ಕೆಲಸಕ್ಕೇ ಹೋಗಬೇಡಿ.

ಮರದ ಹಲಗೆಯನ್ನು ಪಕಾಸಿಗೆ ಹೊಡೆಯುವ ಮೊದಲೇ ಅದಕ್ಕೆ ಬಣ್ಣ ಬಳಿಯಿರಿ. ಆರೂ ಮುಖಕ್ಕೆ. ಮುಂದೆ ಮಾತ್ರ ಬಳಿದರೆ ಹಿಂದಿನಿಂದ ಕುಡಿದ ನೀರು ಮುಂದೆ ಬರಲಾಗದೆ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿ ಇದೆ, ಒಳ್ಳೆಯದೇ. ಹಲಗೆಯ ಹಿಂಬದಿಗೂ ತುದಿಗಳಿಗೂ ಬಳಿಯಬಹುದು. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಕೆಳಂಚನ್ನು ಹಿಂದಕ್ಕೆ ಓರೆಯಾಗಿ ಹೆರೆಸಿದರೆ ನೀರು ಮುಂದಿನ ಅಂಚಿನಲ್ಲೇ ತೊಟ್ಟಿಕ್ಕುತ್ತದೆ. ಸಾದಾ ಕಬ್ಬಿಣದ ಮೊಳೆ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಸಮುದ್ರದ ಹತ್ತಿರ ಇರುವವರು 316 ದರ್ಜೆಯದ್ದೇ ಕೇಳಿ ತರಿಸಿ, ಉಪ್ಪುಗಾಳಿಗೆ ಅದೇ ತಡೆಯುವುದು.

ಈ ಕೆಲಸವೆಲ್ಲ ಏಪ್ರಿಲ್ ಒಳಗೆ ಮುಗಿದರೆ ಚೆನ್ನ. ಮೇ ತಿಂಗಳಲ್ಲಿ ಗುಡುಗು ಮಳೆ ಶುರುವಾಗುತ್ತದೆ, ಆಚಾರ್ರೂ ಸಿಗುವುದಿಲ್ಲ, ಒದ್ದೆ ಮರಕ್ಕೆ ಬಣ್ಣವೂ ಹಿಡಿಯುವುದಿಲ್ಲ. ಮೃಗಶಿರಾ ಮಳೆ ಹಿಡಿದ ಮೇಲೆ ಒಂದು ಜಿಟಿಜಿಟಿ ದಿನ, ಒಂದು ಜೋರು ಮಳೆಯ ದಿನ, ಎರಡು ಸಲ ಅಟ್ಟ ಹತ್ತಿ ಹೊಸ ಹಲಗೆಯ ಹಿಂಬದಿಯನ್ನು ಕೈಯಲ್ಲಿ ಮುಟ್ಟಿ ನೋಡಿ. ಜಿಟಿಜಿಟಿಯಲ್ಲಿ ಮಾತ್ರ ಒದ್ದೆ ಇದ್ದರೆ ಮೊದಲ ಸಾಲಿನ ಚಾಚು, ವಾಟ ಇನ್ನೂ ಸರಿಯಾಗಿಲ್ಲ. ಜೋರು ಮಳೆಯಲ್ಲಿ ಮಾತ್ರ ಒದ್ದೆ ಇದ್ದರೆ ದೋಣಿಗೆ ಇನ್ನೊಂದು ಪೈಪು ಬೇಕು.